ಲಭ್ಯ ಅದ ಸರ್, ಸಿಗಲ್ಲ ಅಷ್ಟ

ನಮ್ಮ ರಾಯಚೂರು ಜಿಲ್ಲಾದಾಗ ನೆಲ ಅಗದ್ರ ಬಂಗಾರ ಸಿಗ್ತದ. ಹಟ್ಟಿ ಗಣಿಯಾಗ ಕಲ್ಲು ಮ್ಯಾಲ ತಂದು, ಪುಡಿ ಮಾಡಿ, ಟನ್ನಿಗೆ ಕೆಲವೇ ಗ್ರಾಂ ಆದ್ರೂ ಬಿಡದಂಗ ತಗೀತಾರ. ಅದೇ ಸೈನ್ಸ್ ಫಿಕ್ಷನ್ ಲೇಖಕ ಅಸಿಮೋವ್‌ನ ಹಳೇ ಕಥಿ ಸಂಕಲನ ಬೇಕಂತ ಊರೆಲ್ಲಾ ಅಗದ್ರೂ ಸಿಗಂಗಿಲ್ರಿ. ಹೆಸರುವಾಸಿ ನಾಕು ಟೈಟಲ್ ಹೊಸ ಕವರ್ ಹಾಕ್ಕೊಂಡು ಬರ್ತಾವ ಖರೆ, ಉಳಿದವು ಎಲ್ಲಿ ಹೋದ್ವು ಅಂತ ಮಂಗಳ ಗ್ರಹದವರಿಗೇ ಗೊತ್ತು.

ಬುಕ್ ಸ್ಟಾಲ್‌ನಾಗ ಸೈನ್ಸ್ ಫಿಕ್ಷನ್ ಅದ ಏನ್ರಿ ಅಂದ್ರ "ಫಸ್ಟ್ ಪಿಯುಸಿನಾ, ಸೆಕೆಂಡಾ?" ಅಂತಾರ. ತಪ್ಪು ಅವರದಲ್ಲ, ಅಲ್ಲಿ ಓಡೋದು ಪಿಎಸ್‌ಐ, ಎಸ್‌ಡಿಎ ಗೈಡ್ ಅಷ್ಟ. ಆ ಪರೀಕ್ಷಾ ಯಾವಾಗ ನಡಿತಾವ ಅನ್ನೋದೂ ಒಂಥರಾ ಸೈನ್ಸ್ ಫಿಕ್ಷನ್ನೇ, ಇರ್ಲಿ ಬಿಡ್ರಿ.

ಮನಿ ಟ್ಯಾಕ್ಸ್ ಮ್ಯಾಲ ನೂರಕ್ಕ 6 ರೂಪಾಯಿ ಲೈಬ್ರರಿ ಸೆಸ್ ಕಟ್ತೀವಲ್ಲ, ಆ ಧೈರ್ಯದ ಮ್ಯಾಲ ಒಂದು ಲೈಬ್ರರಿಗೆ ಹೋದೆ. ಕಂಪ್ಯೂಟರ್‌ನಾಗ ಹೆಸರು ಹೊಡೆದ್ರ ‘ಲಭ್ಯ’ ಅಂತ ಬಂತು. ರ‍್ಯಾಕಿಗೆ ಹೋಗಿ ನೋಡಿದ್ರ ಆ ನಂಬರಿನ ಜಾಗದಾಗ ಒಂದು ಸ್ಟೀಲ್ ಟಿಫಿನ್ ಬಾಕ್ಸು, ಅದರ ಮ್ಯಾಲ ಒಣಗಾಕ ಹಾಕಿದ ಟವೆಲ್ಲು. ಮೇಡಂ ಬಾಳ ಸಮಾಧಾನದಿಂದ ಹೇಳಿದ್ರು, "ಲಭ್ಯ ಅದ ಸರ್, ಸಿಗಲ್ಲ ಅಷ್ಟ. ಕಳದದ ಅಂತ ಬರದ್ರ ಎನ್‌ಕ್ವೈರಿ ಆಗ್ತದ, ಹಿಂಗ ಇದ್ರ ಯಾರಿಗೂ ತ್ರಾಸಿಲ್ಲ."

ಆನ್‌ಲೈನ್‌ನಾಗ ಕವರ್ ಹರದ ಸೆಕೆಂಡ್ ಹ್ಯಾಂಡ್ ಕಾಪಿ ಅದ, ರೇಟ್ ಓದಿದ್ರ ಬಿಪಿ ಏರ್ತದ. ಬಾಳ ಕಡೆ ಆ ರೇಟ್ ಮನುಷ್ಯಾರು ಹಾಕಂಗಿಲ್ಲ, ಪ್ರೋಗ್ರಾಂ ಹಾಕ್ತದ. 2011ರಾಗ ಅಮೆಜಾನ್‌ನಾಗ ನೊಣದ ಬಗ್ಗೆ ಇದ್ದ ಒಂದು ಹಳೇ ಪುಸ್ತಕಕ್ಕ ಇಬ್ಬರು ಮಾರೋರ ಪ್ರೋಗ್ರಾಂಗಳು ಒಂದರ ರೇಟ್ ನೋಡಿ ಇನ್ನೊಂದು ಏರಿಸ್ಕೋತ ಏರಿಸ್ಕೋತ 2.3 ಕೋಟಿ ಡಾಲರ್ ದಾಟಿಸಿಬಿಟ್ಟಿದ್ವು! ರೋಬೋಟ್ ಮನುಷ್ಯಾಗ ತೊಂದರೆ ಕೊಡಬಾರ್ದು ಅಂತ ಅಸಿಮೋವ್ 1942ರಾಗೇ ನಿಯಮ ಬರದಿದ್ದ, ಮನುಷ್ಯಾನ ಪಾಕೀಟಿನ ವಿಷಯ ಬಿಟ್ಟುಬಿಟ್ಟ.

ಈ ಪ್ರಕಾಶಕರು ತಾವೂ ಛಾಪಿಸಂಗಿಲ್ಲ, ಇನ್ನೊಬ್ಬರಿಗೂ ಬಿಡಂಗಿಲ್ಲ. ನಮ್ಮ ದೇಶದಾಗ ಲೇಖಕ ಸತ್ತ ಮ್ಯಾಲೂ 60 ವರ್ಷ ಕಾಪಿರೈಟ್ ಇರ್ತದ. ಸೈನ್ಸ್ ಫಿಕ್ಷನ್ ಬರದ ಇಂಗ್ಲಿಷ್ ಲೇಖಕ ವೆಲ್ಸ್ 1946ರಾಗ ತೀರಿಕೊಂಡ, ಅದಕ್ಕ 2007ರಿಂದ ಯಾರು ಬೇಕಾದ್ರೂ ಛಾಪಿಸಬಹುದು. ಅಸಿಮೋವ್ ಹೋಗಿದ್ದು 1992ರಾಗ, ಅವನ ಪುಸ್ತಕಕ್ಕ 2053 ಬರಬೇಕು. ಇದೇ ಸಾಲಿನ ಇನ್ನೊಬ್ಬ ಲೇಖಕ ಕ್ಲಾರ್ಕ್ 2008ರ ತನಕ ಬದುಕಿಬಿಟ್ಟ, ಅವಂದು 2069ಕ್ಕ. ಓದುಗರ ಮ್ಯಾಲ ಕರುಣೆ ಇದ್ದ ಲೇಖಕರು ಸ್ವಲ್ಪ ಲಗೂ ಹೋಗಬೇಕು ನೋಡ್ರಿ. ಆಕಾಶದಾಗ ಒಂದೇ ಕಡೆ ನಿಂತಂಗ ಕಾಣೋ ಸ್ಯಾಟಲೈಟ್‌ನಿಂದ ಜಗತ್ತಿಗೆಲ್ಲಾ ಸಿಗ್ನಲ್ ಕಳಿಸಬಹುದು ಅಂತ ಇದೇ ಕ್ಲಾರ್ಕ್ 1945ರಾಗ ಬರದಿದ್ದ, ಇವತ್ತು ನಮ್ಮ ಓಣಿಯಾಗ ಮಾಳಗಿ ಮಾಳಗಿಗೂ ಡಿಶ್ ಅದ, ದಿನಾ ಅತ್ತಿ ಸೊಸಿ ಜಗಳ ಅಲ್ಲಿಂದನೇ ಇಳಿತದ, ಅವನ ಹಳೇ ಪುಸ್ತಕ ಮಾತ್ರ ಇಳಿಯಂಗಿಲ್ಲ.

ಯಾರದರ ಮನಿ ಅಟ್ಟದ ಮ್ಯಾಲ ಇಂಥವು ಬಿದ್ದಿದ್ರ ರದ್ದಿಗೆ ಹಾಕೋಕಿಂತ ಮೊದಲು ಹೇಳ್ರಪ್ಪಾ, ಕಿಲೋಕ್ಕ ಎರಡು ರೂಪಾಯಿ ಜಾಸ್ತಿನೇ ಕೊಡ್ತೀನಿ.