ಮೀನಿನ ವಾಸನೆ ಮುಚ್ಚಿಡದ ಊರು

ಲಂಡನ್ನಿನಿಂದ ರೈಲಿನಲ್ಲಿ ಒಂದೂವರೆ ತಾಸು ಕೂತರೆ ಹೇಸ್ಟಿಂಗ್ಸ್. ಲಂಡನ್ನಿನವರು ತಲೆಮಾರುಗಳಿಂದ ಸಮುದ್ರದ ಗಾಳಿ ಕುಡಿಯಲು ಹೋಗುವ ಊರು. 1872ರ ಪಿಯರ್ (ಸಮುದ್ರದೊಳಕ್ಕೆ ಚಾಚಿದ ಕಟ್ಟೆ), ಐಸ್‌ಕ್ರೀಮು, ಕಾಸು ನುಂಗುವ ಆಟದ ಮಷಿನ್ನುಗಳು ಎಲ್ಲ ಇವೆ. ಅದೆಲ್ಲ ಇಂಗ್ಲೆಂಡಿನ ಯಾವ ಕಡಲೂರಲ್ಲಾದರೂ ಸಿಕ್ಕೀತು.

ನನಗೆ ಹಿಡಿಸಿದ್ದು ಹಳೇ ಊರಿನ ಸ್ಟೇಡ್ ಎಂಬ ದಡ. ಬಂದರಿಲ್ಲದ ಕಾರಣ ಬೋಟುಗಳನ್ನು ವಿಂಚ್ ಎಂಬ ಹಗ್ಗ ಸುತ್ತುವ ಯಂತ್ರದಿಂದ ಉರುಟುಕಲ್ಲಿನ ಮೇಲೆ ಎಳೆದಿಡುತ್ತಾರೆ, ಬುಲ್ಡೋಜರಿನಲ್ಲಿ ನೀರಿಗೆ ದೂಡುತ್ತಾರೆ. ಪಕ್ಕದಲ್ಲೇ ಡಾಂಬರು ಬಳಿದ ಮರದ ಬಲೆಮನೆಗಳು. ಒಂದು ಕಾರು ನಿಲ್ಲಿಸುವಷ್ಟೂ ಜಾಗವಿಲ್ಲ, ಎತ್ತರ ಮಾತ್ರ ಮೂರು ಅಂತಸ್ತು. ಹತ್ತಿ, ಸೆಣಬಿನ ಬಲೆಗಳನ್ನು ಒಣಗಿಸಿಡದಿದ್ದರೆ ಕೊಳೆಯುತ್ತಿದ್ದವು. ದಡ ಕಿರಿದಾದ್ದರಿಂದ ಮೇಲಕ್ಕೆ ಕಟ್ಟಿದರು. ನೈಲಾನ್ ಬಂದ ಮೇಲೂ ಅವನ್ನು ಕೆಡವದೆ ಉಳಿಸಿಕೊಂಡಿದ್ದಾರೆ.

ಜಗಳ ಇಲ್ಲವೆಂದಲ್ಲ. ಅದೇ ದಡದಲ್ಲಿ ಚಿತ್ರಕಲಾ ಗ್ಯಾಲರಿ ಬರುತ್ತದೆಂದಾಗ ಮೀನುಗಾರರು ತಿರುಗಿಬಿದ್ದಿದ್ದರು. 2012ರಲ್ಲಿ ಗ್ಯಾಲರಿ ಬಂದೇಬಿಟ್ಟಿತು, ಬಲೆಮನೆಗಳಿಗೆ ಹೊಂದುವ ಕಪ್ಪು ಬಿಲ್ಲೆಗಳನ್ನು ಗೋಡೆಗೆ ಹೊದ್ದು. ಆದರೆ ಬೋಟುಗಳು ಜಾಗ ಬಿಟ್ಟು ಕದಲಲಿಲ್ಲ.

ನಮ್ಮ ಕರಾವಳಿಯಲ್ಲಿ ಪ್ರವಾಸೋದ್ಯಮ ಎಂದರೆ ಮೊದಲು ಮೀನನ್ನು ಮರೆಮಾಡುವುದು. 2020ರಲ್ಲಿ ಪಡುಬಿದ್ರಿಗೂ ಹೊನ್ನಾವರದ ಕಾಸರಕೋಡಿಗೂ ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿತು, ಸಂತೋಷ. ಆದರೆ ಮಲ್ಪೆಗೆ ಹೋಗುವ ಬೆಂಗಳೂರಿನ ನೆಂಟರು ಬೀಚು ನೋಡಿ, ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಫೋಟೊ ಹೊಡೆದು, ಬಂದರಿನ ಪಕ್ಕ ಮೂಗು ಮುಚ್ಚಿಕೊಂಡು ದಾಟುತ್ತಾರೆ. ಒಳಗೆ ಹರಾಜು ಕೂಗುವುದು, ಮೊಗವೀರ ಹೆಂಗಸರು ಒಂದೇ ನೋಟದಲ್ಲಿ ಬುಟ್ಟಿಗೆ ಬೆಲೆ ಕಟ್ಟುವುದು ಅವರಿಗೆ ಗೊತ್ತೇ ಇಲ್ಲ. ದ್ವೀಪದ ಬೋಟಿನ ಸಮಯದ ಜೊತೆ ಹರಾಜಿನ ಸಮಯವನ್ನೂ ಫಲಕದಲ್ಲಿ ಬರೆದರೆ ಯಾರ ಗಂಟು ಹೋಗುತ್ತದೆ?

ತಿನ್ನುವ ವಿಷಯದಲ್ಲಿ ಮಾತ್ರ ನಮ್ಮವರೇ ವಾಸಿ. ಬ್ರಿಟನ್ನಿನವರು ತಿನ್ನುವ ಕಾಡ್ ಮೀನು ಬಹುಪಾಲು ಐಸ್‌ಲ್ಯಾಂಡ್, ನಾರ್ವೆ ಕಡೆಯದು. ಸ್ಟೇಡ್ ದಡದ ಅಂಗಡಿಯಲ್ಲಿ ತಾಜಾ ನಂಗ್ ಮೀನು ಹೊಳೆಯುತ್ತಿದ್ದರೂ ಜನ ಕಾಡ್ ಕರಿದ ಫಿಶ್ ಅಂಡ್ ಚಿಪ್ಸಿಗೆ ಸಾಲು ನಿಂತಿದ್ದರು. ನಾನು ಉಡುಪಿಯವರ ಅಭ್ಯಾಸದಂತೆ ಮೀನು ತಾಜಾವೇ ಎಂದು ಕಿವಿರು ಎತ್ತಿ ನೋಡಿದೆ. ಮಾರುವಾತ ಹುಬ್ಬೇರಿಸಿ ನಕ್ಕ. ಚೌಕಾಸಿಗೆ ಇಳಿದೆ, ಒಂದು ಪೆನ್ನಿಯನ್ನೂ ಬಿಡಲಿಲ್ಲ.