ಅದು ಬೆಡ್‌ಶೀಟ್ ಅಲ್ಲ

ಇವತ್ತು ಇನ್ನೊಂದು ವಿಡಿಯೊ ಕಣ್ಣಿಗೆ ಬಿತ್ತು. ‘ಎರಡೇ ನಿಮಿಷದಲ್ಲಿ ಗ್ರೀಕ್ ದೇವತೆಯ ವೇಷ.’ ಬಿಳಿ ಬೆಡ್‌ಶೀಟ್ ಸುತ್ತಿ, ಹೆಗಲಿಗೊಂದು ಪಿನ್ ಚುಚ್ಚಿದರೆ ಮುಗಿಯಿತಂತೆ. ಕೆಳಗೊಂದು ಕಾಮೆಂಟು: ‘ಪಾಪ, ಆಗಿನವರಿಗೆ ಹೊಲಿಯೋಕೆ ಬರ್ತಿರಲಿಲ್ಲ.’ ಹಳೇ ಬಟ್ಟೆಗಳ ವಿಷಯ ಬಂದರೆ ನಾನು ಸುಮ್ಮನಿರುವುದಿಲ್ಲ ಅಂತ ಇಲ್ಲಿರುವವರಿಗೆ ಗೊತ್ತೇ ಇದೆ.

ಆ ವೇಷದ ಅಸಲು ಪೆಪ್ಲಾಸ್. ಅಂದರೆ ಪ್ರಾಚೀನ ಗ್ರೀಕ್ ಹೆಂಗಸರು ಉಡುತ್ತಿದ್ದ ಉಣ್ಣೆಯ ಆಯತಾಕಾರದ ಬಟ್ಟೆ. ಉದ್ದ ಹೆಗಲಿಂದ ಪಾದದವರೆಗಿನ ಅಳತೆಗಿಂತ ಹೆಚ್ಚೇ ಇರಬೇಕು. ಆ ಹೆಚ್ಚಿನ ಭಾಗವನ್ನು ಮೇಲ್ಗಡೆ ಹೊರಕ್ಕೆ ಮಡಚಿ ಎದೆಯ ಮೇಲೆ ಇಳಿಬಿಟ್ಟು, ಎರಡೂ ಹೆಗಲಲ್ಲಿ ಉದ್ದನೆಯ ಲೋಹದ ಪಿನ್ ಸಿಕ್ಕಿಸಿ, ನಡುವಿಗೆ ಪಟ್ಟಿ ಕಟ್ಟುತ್ತಿದ್ದರು. ಪಿನ್ನು ಎಂಥದ್ದು ಅಂದರೆ, ಯುದ್ಧದಲ್ಲಿ ತಾನೊಬ್ಬನೇ ಬದುಕುಳಿದು ಬಂದವನನ್ನು ಅಥೆನ್ಸಿನ ಹೆಂಗಸರು ‘ನನ್ನ ಗಂಡ ಎಲ್ಲಿ’ ಎಂದು ಕೇಳುತ್ತಾ ಅದರಿಂದಲೇ ಚುಚ್ಚಿ ಕೊಂದರಂತೆ. ಪಿನ್ ಬೇಡದ, ನಾರುಬಟ್ಟೆಯ ಕಿಟಾನ್ ಎಂಬ ಉಡುಪು ಬಂದದ್ದು ಆಮೇಲೆ ಅಂತ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆಯುತ್ತಾನೆ.

ಇನ್ನು ದುಡಿಮೆಯ ಮಾತು. ಕತ್ತರಿಸಿದ ಉಣ್ಣೆಯ ಜಿಡ್ಡು ತೊಳೆಯಬೇಕು, ಅಂಟಿದ ಮುಳ್ಳು ಕಸ ಬಡಿದು ತೆಗೆಯಬೇಕು, ಹಿಂಜಿ ಬುಟ್ಟಿಗೆ ತುಂಬಬೇಕು. ತೊಡೆಗೆ ಕವಚದಂತೆ ಹಾಕುವ ಮಣ್ಣಿನ ಸಾಧನದ ಮೇಲೆ ಉಜ್ಜಿ ಹಂಜಿ, ಅಂದರೆ ನೂಲಲು ಸಿದ್ಧವಾದ ಸುರುಳಿ, ಮಾಡಬೇಕು. ಆಮೇಲೆ ಕದಿರಿನಲ್ಲಿ ನೂಲಬೇಕು. ಲೆಕ್ಕ ಹಾಕಿ ನೋಡಿ: 1.8 ಮೀಟರ್ ಅಗಲ, 2.5 ಮೀಟರ್ ಉದ್ದದ ಬಟ್ಟೆ, ಸೆಂಟಿಮೀಟರಿಗೆ 8 ಎಳೆ. ಉದ್ದಕ್ಕೆ ಓಡುವ ಹಾಸು ಎಳೆಗಳಿಗೆ 3.6 ಕಿಲೋಮೀಟರ್ ನೂಲು, ಅಡ್ಡಕ್ಕೆ ಓಡುವ ಹೊಕ್ಕು ಎಳೆಗಳಿಗೂ ಅಷ್ಟೇ. ಕೈಕದಿರಿನಲ್ಲಿ ಗಂಟೆಗೆ 40–50 ಮೀಟರ್ ನೂಲು ಬರುತ್ತದೆ ಅಂದುಕೊಂಡರೂ ನೂಲುವುದಕ್ಕೇ ಸುಮಾರು 160 ಗಂಟೆ. ಮಗ್ಗ ಇನ್ನೂ ಮುಟ್ಟಿಲ್ಲ!

ಆ ಮಗ್ಗ ನಮ್ಮ ಗುಂಡಿಮಗ್ಗದಂತಲ್ಲ. ಗೋಡೆಗೆ ಒರಗಿಸಿದ ಎರಡು ಕಂಬ, ಮೇಲೊಂದು ಅಡ್ಡತೊಲೆ. ಮೊದಲು ಕಿರಿದಾದ ಪಟ್ಟಿಯೊಂದನ್ನು ನೇಯ್ದು, ಅದರ ಹೊಕ್ಕನ್ನೇ ಒಂದು ಬದಿಗೆ ಉದ್ದುದ್ದ ಎಳೆದು ಬಿಡುತ್ತಾರೆ. ಪಟ್ಟಿಯನ್ನು ತೊಲೆಗೆ ಕಟ್ಟಿದಾಗ ಆ ಎಳೆಗಳೇ ಹಾಸು. ತುದಿಗೆ ಸುಟ್ಟ ಮಣ್ಣಿನ ಗುಂಡು. 20 ಎಳೆಗೆ 200 ಗ್ರಾಂ ಗುಂಡು ಕಟ್ಟಿದರೆ ಒಂದೊಂದು ಎಳೆಗೆ 10 ಗ್ರಾಂ ಬಿಗಿ. ತೂಕ ಹೆಚ್ಚಾದರೆ ಸಣ್ಣ ನೂಲು ತುಂಡಾಗುತ್ತದೆ, ಒಂದಕ್ಕೊಂದು ಹೊಂದದಿದ್ದರೆ ಬಟ್ಟೆ ಸುಕ್ಕುಗಟ್ಟುತ್ತದೆ. ನೇಯ್ಗೆ ಮೇಲಿಂದ ಕೆಳಗೆ ಬರುತ್ತದೆ, ಹೊಕ್ಕನ್ನು ಬಡಿಯುವುದು ಮಾತ್ರ ಕೆಳಗಿಂದ ಮೇಲಕ್ಕೆ, ನಿಂತುಕೊಂಡೇ. ಮಗ್ಗದ ಮುಂದೆ ಅತ್ತಿತ್ತ ನಡೆಯುವವಳು ಅಂತ ಗ್ರೀಕ್ ಮಹಾಕವಿ ಹೋಮರ್ ಹೇಳುವುದು ಅದಕ್ಕೇ. ಪ್ರಾಚೀನ ಗ್ರೀಸಿನ ಅಮಾಸಿಸ್ ಚಿತ್ರಕಾರನದೆನ್ನುವ 17 ಸೆಂ.ಮೀ. ಎತ್ತರದ ಎಣ್ಣೆಹೂಜಿಯೊಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಉಣ್ಣೆ ತೂಗುವುದು, ನೂಲುವುದು, ಇಬ್ಬರು ಸೇರಿ ನೇಯುವುದು, ಬಟ್ಟೆ ಮಡಿಸುವುದು ಎಲ್ಲವೂ ಅದರ ಮೈಮೇಲಿದೆ. ಕ್ರಿ.ಪೂ. 348ರಲ್ಲಿ ನಾಶವಾದ ಗ್ರೀಸಿನ ಒಲಿಂಥಸ್ ಊರಿನ ಮನೆಗಳಲ್ಲಿ ಇಂಥ ಗುಂಡುಗಳು ರಾಶಿ ರಾಶಿ ಸಿಕ್ಕಿವೆ.

‘ಶಿಲ್ಪಗಳೆಲ್ಲ ಬಿಳಿ ತಾನೇ’ ಅನ್ನುತ್ತೀರಿ. ಅವುಗಳ ಬಣ್ಣ ಉದುರಿದೆ, ಅಷ್ಟೆ. ಅಥೆನ್ಸಿನ ಅಕ್ರೊಪೊಲಿಸ್ ಗುಡ್ಡದ ಕನ್ಯಾಶಿಲ್ಪಗಳ ಸೆರಗಂಚಿನಲ್ಲಿ ಇವತ್ತಿಗೂ ಬಣ್ಣದ ಕುರುಹು ಉಳಿದಿದೆ. ಕೇಸರಿ, ಮಂಜಿಷ್ಠದ ಕೆಂಪು, ಕಡಲ ಬಸವನಹುಳದ ನೇರಳೆ ಎಲ್ಲವೂ ಅವರಿಗೆ ಗೊತ್ತಿತ್ತು. ಹಬ್ಬಕ್ಕೆ ಅಥೀನಾ ದೇವಿಗೆ ಒಪ್ಪಿಸುವ ಪೆಪ್ಲಾಸ್‌ಗೆ ಒಂಬತ್ತು ತಿಂಗಳು ಮೊದಲೇ ಹಾಸು ಹೂಡುತ್ತಿದ್ದರು. ಅದರಲ್ಲಿ ದೇವತೆಗಳು ದೈತ್ಯರೊಡನೆ ಕಾದುವ ಚಿತ್ರವನ್ನೇ ನೇಯುತ್ತಿದ್ದರು.

ಹೊಲಿಗೆ ಇಲ್ಲ ಅಂದರೆ ಕಸುಬು ಬರದು ಅಂತ ಅರ್ಥವೇ? ಇಳಕಲ್ ಸೀರೆಯ ಬಗ್ಗೆ ಹಾಗೆ ಹೇಳುತ್ತೀರಾ? ಕತ್ತರಿ ಹಾಕಲು ಅವರಿಗೆ ಮನಸ್ಸಾದರೂ ಹೇಗೆ ಬರಬೇಕು? ನಾಲ್ಕೂ ಅಂಚು ಮಗ್ಗದಲ್ಲೇ ಮುಗಿದ ಬಟ್ಟೆಯದು.

ಹೋಮರನ ‘ಒಡಿಸ್ಸಿ’ ಕಾವ್ಯದಲ್ಲಿ ನಾಯಕನ ಹೆಂಡತಿ ಪೆನೆಲೊಪೆ ಮಾವನ ಹೆಣವಸ್ತ್ರವನ್ನು ಹಗಲು ನೇಯ್ದು ರಾತ್ರಿ ಬಿಚ್ಚುತ್ತಿದ್ದಳಲ್ಲ, ಮದುವೆಯಾಗು ಅಂತ ಮನೆಯಲ್ಲಿ ಠಿಕಾಣಿ ಹೂಡಿದ್ದ ಗಂಡಸರು ಮೂರು ವರ್ಷ ಅದನ್ನು ನಂಬಿದರು. ನಾಲ್ಕನೆಯ ವರ್ಷ ಗುಟ್ಟು ಹೊರಗೆ ಹಾಕಿದ್ದು ಆ ಮನೆಯ ಒಬ್ಬ ಕೆಲಸದ ಹೆಂಗಸು.