ಬ್ರಷ್ 500 ಅದಾವ, ಒತ್ತಡದ ಕರ್ವ್ ಮಾತ್ರ ಮುಟ್ಟಿಲ್ಲ

ಮುಂಜಾನೆ ಮೊಬೈಲ್ ತಗದ್ರ ಮತ್ತದೇ. ನಮ್ಮ ಬಳ್ಳಾರಿ ಹುಡುಗ ಒಬ್ಬಾವ ಆನೆಗೊಂದಿ ಬಂಡೆಗಳ ಚಿತ್ರ ಕಂಪ್ಯೂಟರಿನಾಗ ಬರದು ಹಾಕ್ಯಾನ. ಬಣ್ಣ ಚೆಂದ, ಬೆಳಕು ಚೆಂದ. ಬಂಡೆ ಮೈ ಮಾತ್ರ ಇಳಕಲ್ ಸೀರಿ ಸೆರಗಿನಂಗ: ಅದೇ ಚುಕ್ಕಿ, ಅದೇ ಸಾಲು. ಕೆಳಗ ಹೆಮ್ಮೆಯಿಂದ ಬರದಾನ, 500 ಬ್ರಷ್‌ಗಳ ಪ್ಯಾಕ್ ಅಂತ!

ಅಲ್ಲೋ ತಮ್ಮಾ, 500 ಯಾಕ? ಒಂದು ಸಾಕು. ಕ್ರಿಟಾ ಅನ್ನೂ ಚಿತ್ರ ಬರಿಯೂ ಸಾಫ್ಟ್‌ವೇರ್‌ನಾಗ ಎಫ್5 ಒತ್ತು, ಬ್ರಷ್ ಎಡಿಟರ್ ತೆರಕೊಳ್ತೈತಿ. ರೊಟೇಶನ್‌ಗೆ ಹೋಗಿ ಫಜ್ಜಿ ಡ್ಯಾಬ್ ಹಚ್ಚು. ಬ್ರಷ್ ಗೆರೆ ಅಂದ್ರ ಸಾಲಾಗಿ ಒತ್ತಿದ ಅಚ್ಚುಗಳು; ಈಗ ಪ್ರತಿ ಅಚ್ಚೂ ಬೇರೆ ಬೇರೆ ಕೋನಕ್ಕ ತಿರುಗಿ ಬೀಳ್ತೈತಿ, ಸೆರಗು ಹೋಗಿ ಬಂಡೆ ಬರ್ತೈತಿ. ಫಜ್ಜಿ ಸ್ಟ್ರೋಕ್ ಬ್ಯಾಡ, ಅದು ಒಂದು ಗೆರೆಗೆ ಒಂದೇ ಸಲ ತಿರುಗ್ತೈತಿ. ಆಮ್ಯಾಲ ಸ್ಪೇಸಿಂಗ್, ಅಂದ್ರ ಅಚ್ಚುಗಳ ನಡುವಿನ ಅಂತರ. ಆಟೋ ಟಿಕ್ ತಗದು 0.1 ಇಟ್ರ, 100 ಪಿಕ್ಸೆಲ್ ಬ್ರಷ್ 10 ಪಿಕ್ಸೆಲ್‌ಗೊಂದು ಅಚ್ಚು ಒತ್ತತೈತಿ. ಬಂಡೆಗೆ 0.4ರ ಆಸುಪಾಸು ಇಡು, ಅಚ್ಚು ಆಕಡೆ ಈಕಡೆ ಚೆದುರಿಸೂ ಸ್ಕ್ಯಾಟರ್ ಚೂರು ಸೇರಿಸು. 0.02ಕ್ಕ ಇಳಿಸಿದ್ಯೋ, 0.1ಕ್ಕಿಂತ ಐದು ಪಟ್ಟು ಅಚ್ಚು. ಹಳೇ ಲ್ಯಾಪ್‌ಟಾಪು ಬಳ್ಳಾರಿ ಬ್ಯಾಸಗಿಯಾಗ ಸಿಕ್ಕ ಎಮ್ಮಿ ಹಂಗ ಏದುಸಿರು ಬಿಡ್ತೈತಿ.

ಆದ್ರ ನನ್ನ ಸಿಟ್ಟೆಲ್ಲ ಒತ್ತಡದ ಕರ್ವ್ ಮ್ಯಾಲ, ಅಂದ್ರ ಟ್ಯಾಬ್ಲೆಟ್ ಪೆನ್ ಎಷ್ಟು ಒತ್ತಿದ್ರ ಬ್ರಷ್ ಎಷ್ಟು ಕೆಲಸ ಮಾಡ್ಬೇಕಂತ ಹೇಳೂ ನಕ್ಷೆಗೆರೆ. ಅದನ್ನ ಯಾರೂ ಮುಟ್ಟೂದೇ ಇಲ್ಲ! ಕೈ ಭಾರ ಇದ್ದಾವ್ರಿಗೆ ಪೆನ್ ತಾಗಿಸಿದ ಕೂಡ್ಲೇ ಗೆರೆ ಪೂರ್ತಿ ದಪ್ಪ ಆಗ್ತೈತಿ. ಆಗ ಕರ್ವಿನ ನಡುವನ್ನ ಕೆಳಗ, ಬಲಕ್ಕ ಎಳೀಬೇಕು. ಕೈ ಹಗುರ ಇದ್ರ ಮ್ಯಾಲ, ಎಡಕ್ಕ. ಇದನ್ನ ಮೊದ್ಲು ಕಾನ್ಫಿಗರ್ ಕ್ರಿಟಾದ ಟ್ಯಾಬ್ಲೆಟ್ ಸೆಟ್ಟಿಂಗ್ಸ್‌ನಾಗ ಮಾಡ್ರಿ, ಯಾಕಂದ್ರ ಅದು ಎಲ್ಲಾ ಬ್ರಷ್‌ಗೂ ಅನ್ವಯ. ಅಲ್ಲಿ ಕೆಳಗ ಬಗ್ಗಿಸಿ, ಬ್ರಷ್‌ನಾಗೂ ಕೆಳಗ ಬಗ್ಗಿಸಿದ್ರ ಒಂದರ ಮ್ಯಾಲೊಂದು ಕೂತು ಹಗುರ ಗೆರೆ ಬರೂದೇ ನಿಂತ್ಹೋಗ್ತೈತಿ. ಆಮ್ಯಾಲ "ಪೆನ್ ಕೆಟ್ಟೈತಿ" ಅಂತ ಗೋಳು. ಪೆನ್ ಕೆಟ್ಟಿಲ್ಲ. ಅನುಮಾನ ಇದ್ರ ಅಲ್ಲೇ ಟ್ಯಾಬ್ಲೆಟ್ ಟೆಸ್ಟರ್ ಐತಿ, ಗೀಚಿ ನೋಡ್ರಿ. ವಿಂಡೋಸ್‌ನಾಗ ಒತ್ತಡನೇ ಕಾಣಿಸ್ಲಿಲ್ಲಂದ್ರ ಪೆನ್ನಿನ ಒತ್ತಡ ಕ್ರಿಟಾಕ್ಕ ಮುಟ್ಟಿಸೂ ವಿನ್‌ಟ್ಯಾಬ್, ವಿಂಡೋಸ್ ಇಂಕ್ ಎರಡರಾಗ ಇನ್ನೊಂದಕ್ಕ ಬದಲಿಸಿ ಕ್ರಿಟಾ ಮುಚ್ಚಿ ತೆಗೀರಿ.

ಗೆರೆ ಕೆಲಸಕ್ಕ ಸೈಜ್ ಅಷ್ಟೇ ಒತ್ತಡಕ್ಕ ಕಟ್ರಿ, ಒಪ್ಯಾಸಿಟಿ (ಬಣ್ಣದ ಗಟ್ಟಿತನ) ಬಿಚ್ರಿ. ಎರಡೂ ಕಟ್ಟಿದ್ರ ಗೆರೆ ತುದಿ ಹೊಗಿ ಆಗಿ ಹಾರಿಹೋಗ್ತೈತಿ. ಕರ್ವಿನ ಎಡಗಡೆ ತುದಿಯನ್ನ ನೆಲದಿಂದ ಚೂರು, ಅಂದಾಜು ಐದನೇ ಒಂದು ಭಾಗ, ಎತ್ರಿ. ಗೆರೆ ಸೊನ್ನಿಗೆ ಬೀಳೂದಿಲ್ಲ. ಬಣ್ಣ ತುಂಬೂವಾಗ ಉಲ್ಟಾ: ಒಪ್ಯಾಸಿಟಿ ಕಟ್ರಿ, ಸೈಜ್ ಬಿಚ್ರಿ. ಒಂದೇ ಎಳೆತದಾಗ ಮ್ಯಾಲೆ ಮ್ಯಾಲೆ ತಿಕ್ಕಿದ್ರ ಗಾಢ ಆಗ್ಬೇಕಂದ್ರ ಪೇಂಟಿಂಗ್ ಮೋಡ್ ಬಿಲ್ಡಪ್, ಆಗಬಾರ್ದು ಅಂದ್ರ ವಾಶ್.

"ಹೊಸಬ್ರಿಗೆ ರೆಡಿ ಪ್ಯಾಕ್ ಅನುಕೂಲ ಅಲ್ಲೇನ್ರಿ?" ಅಂತೀರಿ. ಹೌದಪಾ, ಬ್ಯಾರೆಯವ್ರ ಚಪ್ಪಲಿ ಮೆಟ್ಟಿ ನಡಿಯೂದೂ ಅನುಕೂಲನೇ. ಆ ಪ್ಯಾಕ್ ಮಾಡಿದಾವ ತನ್ನ ಕೈ ಭಾರಕ್ಕ ಕರ್ವ್ ಬಗ್ಗಿಸ್ಯಾನ, ನಿಮ್ಮ ಕೈಗಲ್ಲ. ಕಿನ್ನಾಳದ ಗೊಂಬಿ ಕಣ್ಣು ಬರಿಯೂವ್ರ ಮುಂದ ಒಂದು ತಾಸು ಕುಂತು ನೋಡ್ರಿ, ಎಷ್ಟು ಕುಂಚ ಬದಲಿಸ್ತಾರಂತ.

ಇನ್ನೊಂದು. ಬ್ರಷ್‌ನ ಸೆಟ್ಟಿಂಗ್ ಬದಲಿಸಿದ ಮ್ಯಾಲ ಸೇವ್ ನ್ಯೂ ಬ್ರಷ್ ಪ್ರಿಸೆಟ್ ಒತ್ತಿ ಬ್ಯಾರೆ ಹೆಸರು ಕೊಡ್ರಿ. ಬರೇ ಟ್ವೀಕ್ ಮಾಡಿ ಇನ್ನೊಂದು ಬ್ರಷ್ ಹಿಡಿದು ವಾಪಸ್ ಬಂದ್ರ ಎಲ್ಲಾ ಹಳೇದಕ್ಕ ಹೋಗಿರ್ತೈತಿ. ಓವರ್‌ರೈಟ್ ಒತ್ತಿದ್ರ ಮೂಲದ ಬ್ರಷ್ ಮ್ಯಾಲೇ ಬರೀತೈತಿ, ಹುಷಾರು.

ನನ್ನ ಹತ್ರಾನೂ ಮೂರು ಪ್ಯಾಕ್ ಅದಾವ. ಅಳಿಸಾಕ ಮನಸ್ಸು ಬಂದಿಲ್ಲ, ಖರೇ ಹೇಳ್ಬೇಕಂದ್ರ.